ಪ್ರಶ್ನೋತ್ತರ: ಕಚ್ಚಾ ತೈಲ ಇಳಿದರೂ ನಮ್ಮ ಪಂಪಿನಲ್ಲಿ ಡೀಸೆಲ್ ಯಾಕೆ ಇಳಿಯಲ್ಲ?

ಅಡ್ಮಿನ್: ಈ ವಾರ ಉತ್ತರ ಕೊಡುವವರು ಜಮಖಂಡಿ ಹತ್ತಿರ 22 ವರ್ಷದಿಂದ ಪೆಟ್ರೋಲ್ ಪಂಪ್ ನಡೆಸುತ್ತಿರುವ ನಮ್ಮ ಕಾಕಾ. ಎಣ್ಣೆ ರೇಟಿನ ಬಗ್ಗೆ ಏನಿದ್ದರೂ ಕೇಳಿ. ಪಕ್ಷಗಳ ಜಗಳ ಮಾತ್ರ ಬೇಡ.

ಪ್ರಶ್ನೆ (ಟ್ರ್ಯಾಕ್ಟರ್ ಮಾಲೀಕ, ಮುಧೋಳ): ನಮಸ್ಕಾರ ಕಾಕಾ. ನನ್ನದು ಕಬ್ಬು ಹೊರುವ ಟ್ರ್ಯಾಕ್ಟರ್, ಎರಡು ಟ್ರೇಲರ್. ಹಂಗಾಮು ಶುರುವಾದರೆ ಅರ್ಧ ದುಡಿಮೆ ಡೀಸೆಲ್ಲಿಗೇ ಹೋಗುತ್ತದೆ. ಟಿವಿಯಲ್ಲಿ ಕಚ್ಚಾ ತೈಲ ಏರಿತು ಅಂದರೆ ನಮಗೂ ಏರುತ್ತದೆ. ಇಳಿಯಿತು ಅಂದಾಗ ನಿಮ್ಮ ಮಷಿನ್ ಮೇಲಿನ ನಂಬರ್ ಅಲುಗಾಡುವುದೇ ಇಲ್ಲ. ನಡುವೆ ಪಂಪಿನವರು ಏನಾದರೂ ತಿನ್ನುತ್ತೀರಾ? ಬೇಜಾರು ಮಾಡ್ಕೋಬೇಡಿ.

ಉತ್ತರ: ಬೇಜಾರೇನಿಲ್ಲ ತಮ್ಮಾ, ದಿನಾ ಕೇಳುವ ಮಾತೇ. ರೇಟು ಹಾಕುವವನು ನಾನಲ್ಲ. ಕಂಪನಿಯಿಂದ ಬರುತ್ತದೆ, ಬೆಳಿಗ್ಗೆ 6ಕ್ಕೆ ಮಷಿನ್‌ನಲ್ಲಿ ಬದಲಾಗುತ್ತದೆ. 2017ರ ಜೂನ್ 16ರಿಂದ ದೇಶದ ತುಂಬ ಹೀಗೇ. ನನ್ನ ಕೈಗೆ ಸಿಗುವುದು ಲೀಟರಿಗೆ ಮೂರ್ನಾಲ್ಕು ರೂಪಾಯಿ ಕಮಿಷನ್. ಅದರಲ್ಲೇ ಹುಡುಗರ ಪಗಾರ, ಕರೆಂಟ್ ಬಿಲ್ಲು.

ಇನ್ನು ನಿನ್ನ ಪ್ರಶ್ನೆ. ಮೊದಲು ಒಂದು ಲೆಕ್ಕ ಹಾಕೋಣ. ಒಂದು ಬ್ಯಾರೆಲ್ ಅಂದರೆ 159 ಲೀಟರ್. 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಆಗಿತ್ತು. ಆಗ ಡಾಲರಿಗೆ ಸುಮಾರು 43 ರೂಪಾಯಿ. ಗುಣಿಸಿ ಭಾಗಿಸಿ ನೋಡು, ಕಚ್ಚಾ ತೈಲ ಲೀಟರಿಗೆ 40 ರೂಪಾಯಿ ಬೀಳುತ್ತದೆ. ಇನ್ನು ಬ್ಯಾರೆಲ್ಲಿಗೆ ಬರೀ 80 ಡಾಲರ್, ಆದರೆ ಡಾಲರಿಗೆ 85 ರೂಪಾಯಿ ಅಂದುಕೋ. ಲೀಟರಿಗೆ ಹತ್ತಿರ ಹತ್ತಿರ 43! ಡಾಲರಿನಲ್ಲಿ ಅರ್ಧದಷ್ಟಾದರೂ ರೂಪಾಯಿಯಲ್ಲಿ ಜಾಸ್ತಿಯೇ. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85 ಭಾಗಕ್ಕೂ ಹೆಚ್ಚು ಹೊರಗಿನದು. ಟಿವಿಯವರು ಹೇಳುವುದು ಡಾಲರ್ ರೇಟು, ನೀನು ಕೊಡುವುದು ರೂಪಾಯಿ.

ಮೇಲೆ ತೆರಿಗೆ. ಕೇಂದ್ರದ್ದು ಲೀಟರಿಗೆ ಇಂತಿಷ್ಟು ರೂಪಾಯಿ ಅಂತ. ರಾಜ್ಯದ್ದು ಶೇಕಡಾ ಲೆಕ್ಕ, ಬೆಲೆ ಏರಿದಂತೆ ಅದೂ ಉಬ್ಬುತ್ತದೆ. 2020ರ ಏಪ್ರಿಲ್ 20 ನೆನಪಿದೆಯಾ? ಅಮೆರಿಕದ ಮಾರುಕಟ್ಟೆಯಲ್ಲಿ ತೈಲದ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಗಿತ್ತು. ತಗೊಂಡು ಹೋಗಿ, ನಾವೇ ದುಡ್ಡು ಕೊಡುತ್ತೇವೆ ಅನ್ನುವ ಪರಿಸ್ಥಿತಿ. ಎರಡೇ ವಾರಕ್ಕೆ, ಮೇ ಮೊದಲ ವಾರದಲ್ಲಿ, ಕೇಂದ್ರ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಸುಂಕ ಏರಿಸಿತು. ಇಳಿಕೆ ಅಲ್ಲೇ ಇಂಗಿಹೋಯಿತು. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ ಏರಿಸಿತು, ಮತ್ತೆ 2025ರ ಏಪ್ರಿಲ್ 1ರಿಂದ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಒಯ್ದಿತು. ಎರಡೂ ಸಲ ಕಚ್ಚಾ ತೈಲದ ಪಾತ್ರ ಏನೂ ಇರಲಿಲ್ಲ.

ಮೂರನೆಯದು ಯಾರೂ ಹೇಳದ ಮಾತು. ದಿನಾ ಬದಲಾಗಬೇಕಾದ ರೇಟು ತಿಂಗಳುಗಟ್ಟಲೆ ನಿಂತೇ ಇರುತ್ತದೆ. 2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೆ ಕಂಪನಿಗಳು ಒಂದು ಪೈಸೆ ಮುಟ್ಟಲಿಲ್ಲ. ಆ ನಡುವೆ ರಷ್ಯಾ-ಉಕ್ರೇನ್ ಯುದ್ಧ ಶುರುವಾಗಿ ಬ್ಯಾರೆಲ್ ನೂರು ಡಾಲರ್ ದಾಟಿತ್ತು. ನಡುವೆ ಐದು ರಾಜ್ಯಗಳ ಚುನಾವಣೆ ಇದ್ದವು, ನೀನೇ ಅರ್ಥ ಮಾಡ್ಕೋ. ಆಮೇಲೆ 16 ದಿನದಲ್ಲಿ ಹತ್ತು ರೂಪಾಯಿ ಏರಿಸಿದರು. ಮತ್ತೆ ನಿಲ್ಲಿಸಿದರು. ಮುಂದೆ ಕಚ್ಚಾ ತೈಲ ಇಳಿದಾಗ ಹಳೆಯ ನಷ್ಟ ತುಂಬಿಕೊಂಡರು. ಕಂಪನಿಗಳು ತಾವಾಗಿ ಎರಡು ರೂಪಾಯಿ ಇಳಿಸಿದ್ದು 2024ರ ಮಾರ್ಚ್‌ನಲ್ಲಿ.

ಪ್ರಶ್ನೆ (ಕಾಲೇಜು ಹುಡುಗಿ, ವಿಜಯಪುರ): ಅಂಕಲ್, ಎಲ್ಲೋ ಸೌದಿಯಲ್ಲಿ ಬಾಂಬ್ ಬಿದ್ದರೆ ಇಂಡಿ ರಸ್ತೆಯ ಪಂಪಿಗೆ ಯಾಕೆ ಬಿಸಿ? ನಮ್ಮ ತೈಲ ಹಡಗಿನಲ್ಲಿ ಆಗಲೇ ಬಂದಿರುತ್ತದಲ್ವಾ?

ಉತ್ತರ: ಒಳ್ಳೆ ಪ್ರಶ್ನೆ ಮಗಳೇ. ನಿಮ್ಮ ಕೊಲ್ಹಾರ ಕಡೆ ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಮಳೆ ಹಿಡಿಯಿತು ಅಂದುಕೋ. ಗೋದಾಮಿನಲ್ಲಿ ಇರುವ ಮಾಲು ಹಳೆಯದೇ. ಆದರೂ ಮಾರನೇ ದಿನವೇ ರೇಟು ಏರುತ್ತದೆ. ಯಾಕೆ? ಮುಂದಿನ ಮಾಲು ಸಿಗುತ್ತೋ ಇಲ್ಲವೋ ಅನ್ನುವ ಭಯ. ತೈಲದಲ್ಲೂ ಮಾರಾಟವಾಗುವುದು ಮುಂದಿನ ತಿಂಗಳ ಮಾಲು. 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ಘಟಕದ ಮೇಲೆ ದಾಳಿ ಆಯಿತು, ದಿನಕ್ಕೆ 57 ಲಕ್ಷ ಬ್ಯಾರೆಲ್ ನಿಂತಿತು. ಮುಂದಿನ ವಹಿವಾಟಿನ ಒಂದೇ ದಿನದಲ್ಲಿ ಬೆಲೆ ನೂರಕ್ಕೆ 14ರಷ್ಟು ಜಿಗಿಯಿತು. ಹೊರ್ಮುಜ್ ಜಲಸಂಧಿ ಅಂತ ಕೇಳಿರಬೇಕು. ಜಗತ್ತು ಬಳಸುವ ತೈಲದ ಹೆಚ್ಚುಕಡಿಮೆ ಐದನೇ ಒಂದು ಭಾಗ ಆ ಇಕ್ಕಟ್ಟಿನ ದಾರಿಯಲ್ಲೇ ಬರುತ್ತದೆ. ಅಲ್ಲಿ ಗದ್ದಲ ಎದ್ದರೆ ಹಡಗಿನ ವಿಮೆ ಏರುತ್ತದೆ, ಬಾಡಿಗೆ ಏರುತ್ತದೆ. ಬೆಲೆ ಏರಿತು ಅಂತ ಯಾರೂ ತಕ್ಷಣ ಗಾಡಿ ನಿಲ್ಲಿಸುವುದಿಲ್ಲ. ಕಬ್ಬು ಕಟಾವಾದ ಮೇಲೆ ಫ್ಯಾಕ್ಟರಿಗೆ ಒಯ್ಯಲೇಬೇಕಲ್ಲ. ಅದಕ್ಕೇ ಸ್ವಲ್ಪ ಕೊರತೆಗೂ ಬೆಲೆ ಭಾರೀ ಏರುತ್ತದೆ.

ಅದೇ ಹುಡುಗಿ: ಮತ್ತೆ ಕಚ್ಚಾ ತೈಲ ಸುಮ್ನೆ ಇದ್ದಾಗಲೂ ಡೀಸೆಲ್ ಮಾತ್ರ ಏರುತ್ತದಲ್ಲ?

ಉತ್ತರ: ಕಬ್ಬಿನ ರೇಟೂ ಮಹಾಲಿಂಗಪುರದ ಬೆಲ್ಲದ ರೇಟೂ ಜೊತೆಜೊತೆಗೇ ನಡೆಯುತ್ತವಾ? ಇಲ್ಲ. ಹಾಗೇ ಇದು. ಕಚ್ಚಾ ತೈಲ ಕಬ್ಬು ಇದ್ದ ಹಾಗೆ, ಡೀಸೆಲ್ ಬೆಲ್ಲ ಇದ್ದ ಹಾಗೆ. ಡೀಸೆಲ್ಲಿಗೇ ಗಿರಾಕಿ ಜಾಸ್ತಿಯಾದರೆ ಅದರ ರೇಟು ಮಾತ್ರ ಏರುತ್ತದೆ. ಗಾಣಕ್ಕೆ ಕಬ್ಬು ಬಂದರೂ ಬೆಲ್ಲಕ್ಕೆ ಬೇರೆ ಗಿರಾಕಿ.

ಪ್ರಶ್ನೆ (ಲಾರಿ ಚಾಲಕ, ನಿಪ್ಪಾಣಿ): ಕೊಲ್ಹಾಪುರದ ಗಾಡಿಗಳು ನಮ್ಮ ಕಡೆ ಬಂದು ಟ್ಯಾಂಕ್ ತುಂಬಿಸುತ್ತಿದ್ದವು. ಎಣ್ಣೆ ಬೇರೆನಾ?

ಉತ್ತರ: ಎಣ್ಣೆ ಒಂದೇ ಅಣ್ಣಾ, ತೆರಿಗೆ ಬೇರೆ. ಜಿಎಸ್‌ಟಿ ಬಂದದ್ದು 2017ರ ಜುಲೈನಲ್ಲಿ, ಆದರೆ ಪೆಟ್ರೋಲ್ ಡೀಸೆಲ್ ಅದರ ಹೊರಗೇ ಉಳಿದವು. ಪ್ರತಿ ರಾಜ್ಯದ ಖಜಾನೆಗೂ ಅದು ಕರೆಯುವ ಎಮ್ಮೆ, ಯಾರು ಬಿಡುತ್ತಾರೆ? ನಮ್ಮಲ್ಲಿ ತೆರಿಗೆ ಏರಿದಂತೆ ಗಡಿ ಪಂಪುಗಳ ಆ ವ್ಯಾಪಾರ ತೆಳುವಾಗುತ್ತಾ ಬಂತು.

ಪ್ರಶ್ನೆ (ಕಬ್ಬು ಬೆಳೆಗಾರ, ರಬಕವಿ): ನಮ್ಮ ಕಬ್ಬಿನ ಎಥೆನಾಲ್ ನೂರಕ್ಕೆ 20 ಭಾಗ ಪೆಟ್ರೋಲಿಗೆ ಹಾಕುತ್ತಾರೆ. ಆದರೂ ಅಗ್ಗ ಆಗಲಿಲ್ಲವಲ್ಲ?

ಉತ್ತರ: ಎಥೆನಾಲ್ ಏನೂ ಅಗ್ಗದ್ದಲ್ಲ ಗೌಡ್ರ. 2024-25ರಲ್ಲಿ ಕಬ್ಬಿನ ರಸದ ಎಥೆನಾಲಿಗೆ ಸರ್ಕಾರ ಕಟ್ಟಿದ ಬೆಲೆಯೇ ಲೀಟರಿಗೆ 65 ರೂಪಾಯಿ 61 ಪೈಸೆ. ಮೇಲಾಗಿ ಅದರ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಲಾಭ ನಿಮ್ಮ ಫ್ಯಾಕ್ಟರಿಗೆ, ಡಾಲರ್ ಉಳಿಸುವ ದೇಶಕ್ಕೆ. ಬೈಕಿನವನಿಗೆ ಅಷ್ಟೇನಿಲ್ಲ.

ಟ್ರ್ಯಾಕ್ಟರ್ ಮಾಲೀಕ, ಮುಧೋಳ: ಕಾಕಾ, ಹಾಗಾದರೆ ರೇಟು ಇಳಿಯುತ್ತೆ ಅಂತ ಸುದ್ದಿ ಬಂದರೆ ಕಾಯಬೇಕಾ? ಏರುತ್ತೆ ಅಂದರೆ ಡ್ರಮ್ಮಿನಲ್ಲಿ ತುಂಬಿಡಲಾ?

ಉತ್ತರ: ಡ್ರಮ್ಮಿನಲ್ಲಿ ಇಟ್ಟು ಮನೆಗೆ ಬೆಂಕಿ ತಂದುಕೋಬೇಡ. ಇನ್ನು ಸುದ್ದಿ ನಂಬಿ ಲೆಕ್ಕ ಹಾಕುವುದು ನನಗೇ ಆಗಿಲ್ಲ. 2021ರ ದೀಪಾವಳಿ ಹೊತ್ತಿಗೆ ಹಬ್ಬಕ್ಕೆ ಗಾಡಿಗಳು ಜಾಸ್ತಿ ಅಂತ ಟ್ಯಾಂಕರ್ ತರಿಸಿ ಇಳಿಸಿಕೊಂಡಿದ್ದೆ. ಆ ರಾತ್ರಿ ಕೇಂದ್ರ ಡೀಸೆಲ್ಲಿಗೆ 10 ರೂಪಾಯಿ ಇಳಿಸಿತು, ರಾಜ್ಯ ಇನ್ನೂ 7 ಇಳಿಸಿತು. ಬ್ಯಾಟರಿ ಹಿಡಿದುಕೊಂಡು ಹೋಗಿ ಟ್ಯಾಂಕಿಗೆ ಎಣ್ಣೆ ಅಳೆಯುವ ಡಿಪ್ ರಾಡ್ ಬಿಟ್ಟು ನೋಡಿದೆ. 9 ಸಾವಿರ ಲೀಟರ್ ಇತ್ತು, ಎಲ್ಲಾ ಹಳೆಯ ರೇಟಿನದು. ಒಂದೂವರೆ ಲಕ್ಷಕ್ಕೂ ಮೇಲೆ ಹೋಯಿತು. ಮರುದಿನ ಬಂದವರೆಲ್ಲ ಹಬ್ಬದ ಶುಭಾಶಯ ಹೇಳಿ ಫುಲ್ ಟ್ಯಾಂಕ್ ಮಾಡಿಸಿದರು. ನಾನೂ ನಕ್ಕೇ ಹಾಕಿಸಿದೆ.