ಹಿಂದೆಂದೂ ಕಾಣದ ರೋಗಾಣುವಿಗೆ ತಕ್ಕ ಪ್ರತಿಕಾಯ ಎಲ್ಲಿಂದ ಬರುತ್ತದೆ?

ಪ್ರಶ್ನೆ:
ಒಂದು ಪ್ರತಿಕಾಯವು (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್, ಆಂಟಿಬಾಡಿ) ತನಗೆ ಹೊಂದುವ ಪ್ರತಿಜನಕಕ್ಕೆ (ರೋಗಾಣುವಿನ ಮೇಲಿನ ಗುರುತು, ಆಂಟಿಜೆನ್) ಮಾತ್ರ ಅಂಟಿಕೊಳ್ಳುತ್ತದೆ ಎಂದು ಓದಿದ್ದೇನೆ. ಹಾಗಾದರೆ ಹೊಸದಾಗಿ ಹುಟ್ಟಿಕೊಂಡ ವೈರಸ್ಸಿಗೂ ಸರಿಹೊಂದುವ ಪ್ರತಿಕಾಯ ದೇಹಕ್ಕೆ ಹೇಗೆ ದೊರೆಯುತ್ತದೆ? ಪ್ರೋಟೀನ್ ರೂಪಿಸುವ ಜೀನ್‌ಗಳು ನಮ್ಮಲ್ಲಿ ಸುಮಾರು 20,000 ಮಾತ್ರ ಇವೆ. ರೋಗಾಣುವಿನ ಆಕಾರವನ್ನು ಗುರುತಿಸಿದ ಮೇಲೆ ದೇಹವು ಅದಕ್ಕೆ ತಕ್ಕ ಪ್ರತಿಕಾಯವನ್ನು ರಚಿಸುತ್ತದೆಯೇ?

ಉತ್ತರ 1:
ಇಲ್ಲ, ರೋಗಾಣು ಬರುವ ಮೊದಲೇ ಸಿದ್ಧತೆ ನಡೆದಿರುತ್ತದೆ. ಪ್ರತಿಕಾಯಗಳನ್ನು ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕೋಶಗಳು ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ, ಪ್ರತಿಕಾಯದ ಭಾರಿ ಸರಪಳಿಗೆ (ಅದರ ಎರಡು ಬಗೆಯ ಪ್ರೋಟೀನ್ ಸರಪಳಿಗಳಲ್ಲಿ ದೊಡ್ಡದು; ಚಿಕ್ಕದು ಹಗುರ ಸರಪಳಿ) ಬೇಕಾದ ಜೀನ್ ತುಣುಕುಗಳ ಮೂರು ಗುಂಪುಗಳಿಂದ (ವಿ ಗುಂಪಿನಲ್ಲಿ ಸುಮಾರು 40, ಡಿ ಗುಂಪಿನಲ್ಲಿ 23, ಜೆ ಗುಂಪಿನಲ್ಲಿ 6) ಒಂದೊಂದು ತುಣುಕು ಯಾವ ಗೊತ್ತುಗುರಿಯೂ ಇಲ್ಲದೆ ಆಯ್ಕೆಯಾಗಿ ಕೂಡಿಕೊಳ್ಳುತ್ತದೆ. ಇಷ್ಟರಿಂದಲೇ ಐದು ಸಾವಿರಕ್ಕೂ ಹೆಚ್ಚು ಜೋಡಣೆಗಳು ಸಾಧ್ಯ. ಕೂಡುವ ಸಂದುಗಳಲ್ಲಿ ಕೆಲವು ನ್ಯೂಕ್ಲಿಯೊಟೈಡ್‌ಗಳು (ಡಿಎನ್‌ಎಯ ಘಟಕಗಳು) ಸೇರುತ್ತವೆ, ಕೆಲವು ಕಳಚಿಹೋಗುತ್ತವೆ. ಹಗುರ ಸರಪಳಿಯೂ ಹೀಗೆಯೇ ರೂಪುಗೊಂಡು ಜೊತೆಯಾದಾಗ ವೈವಿಧ್ಯವು ಕೋಟಿಗಳನ್ನು ಮೀರುತ್ತದೆ. ಜೀನ್‌ಗಳ ಈ ಮರುಜೋಡಣೆಯನ್ನು ಕಂಡುಹಿಡಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಜೀವವಿಜ್ಞಾನದಲ್ಲಿ ನನಗೆ ಇದಕ್ಕಿಂತ ಸೊಗಸಾದ ಉತ್ತರ ಕಂಡಿಲ್ಲ.

ಉತ್ತರ 2:
ಮೇಲಿನ ಮಾತಿಗೆ ಒಂದು ಅಂಶವನ್ನು ಸೇರಿಸಬೇಕು. ಹೀಗೆ ಮೊದಲೇ ರೂಪುಗೊಂಡವುಗಳಲ್ಲಿ ಯಾವ ಬಿ ಕೋಶದ ಪ್ರತಿಕಾಯ ರೋಗಾಣುವಿಗೆ ಹೊಂದುತ್ತದೆಯೋ ಆ ಕೋಶವು, ಬಹುಪಾಲು ಟಿ ಕೋಶಗಳ (ಇನ್ನೊಂದು ಬಗೆಯ ಬಿಳಿ ರಕ್ತಕಣಗಳ) ನೆರವಿನಿಂದ, ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ವಿಭಜನೆಗೊಳ್ಳುತ್ತಾ ಹೋಗುವಾಗ ಅದರ ಪ್ರತಿಕಾಯದ ಜೀನ್‌ಗಳಲ್ಲಿ ಮತ್ತೆ ಸಣ್ಣ ಮಾರ್ಪಾಡುಗಳಾಗುತ್ತವೆ. ಇನ್ನಷ್ಟು ಬಿಗಿಯಾಗಿ ಅಂಟುವವು ಉಳಿಯುತ್ತವೆ, ಮಿಕ್ಕವು ಅಳಿಯುತ್ತವೆ. ಆದ್ದರಿಂದ ಮೊದಲ ಆಯ್ಕೆ ಆಕಸ್ಮಿಕವಾದರೂ ಅನಂತರದ ತಿದ್ದುಪಡಿ ಆ ರೋಗಾಣುವನ್ನೇ ಅನುಸರಿಸುತ್ತದೆ. ನಿಮ್ಮ ಊಹೆ ಪೂರ್ತಿ ತಪ್ಪಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಲಸಿಕೆ ಪಡೆದ ಕೆಲವು ತಿಂಗಳುಗಳಲ್ಲಿ ರಕ್ತದಲ್ಲಿನ ಪ್ರತಿಕಾಯಗಳ ಪ್ರಮಾಣ ಇಳಿದರೆ ರಕ್ಷಣೆಯೂ ಮುಗಿಯಿತೆಂದು ತಿಳಿಯಬೇಕೇ?

ಉತ್ತರ 3:
ಹಾಗೆ ತಿಳಿಯಬೇಕಾಗಿಲ್ಲ. ರಕ್ತದಲ್ಲಿ ಹೆಚ್ಚಾಗಿರುವ ಐಜಿಜಿ ಬಗೆಯ ಪ್ರತಿಕಾಯಗಳ ಅರ್ಧಾಯುಷ್ಯ (ಅವುಗಳ ಪ್ರಮಾಣ ಅರ್ಧಕ್ಕೆ ಇಳಿಯುವ ಅವಧಿ) ಸುಮಾರು ಮೂರು ವಾರಗಳಷ್ಟೇ ಆದುದರಿಂದ ಆರಂಭದ ಏರಿಕೆ ಇಳಿಯುವುದು ಸಹಜ. ಅಸ್ಥಿಮಜ್ಜೆಯಲ್ಲಿ ನೆಲೆಸಿದ ದೀರ್ಘಾಯುಷಿ ಪ್ಲಾಸ್ಮಾ ಕೋಶಗಳು (ಬಿ ಕೋಶಗಳಿಂದ ಹುಟ್ಟಿ ಪ್ರತಿಕಾಯ ಸ್ರವಿಸುವವು) ಅಲ್ಪ ಪ್ರಮಾಣದಲ್ಲಿ ಅವನ್ನು ಸ್ರವಿಸುತ್ತಲೇ ಇರುತ್ತವೆ. ರೋಗಾಣುವನ್ನು ನೆನಪಿಟ್ಟುಕೊಂಡು ಉಳಿದ ಬಿ ಕೋಶಗಳು, ಅಂದರೆ ಸ್ಮೃತಿ ಕೋಶಗಳು, ಅದೇ ರೋಗಾಣು ಮರಳಿದಾಗ ಕೆಲವೇ ದಿನಗಳಲ್ಲಿ ಹೊಸ ಪ್ರತಿಕಾಯಗಳನ್ನು ಒದಗಿಸುತ್ತವೆ. ಆದರೆ ಎಲ್ಲ ರೋಗಗಳಿಗೂ ಈ ಸಮಾಧಾನ ಸಲ್ಲದು. ಧನುರ್ವಾಯುವಿನ (ಟೆಟನಸ್) ವಿಷವು ನರಕೋಶವನ್ನು ಹೊಕ್ಕ ಮೇಲೆ ಪ್ರತಿಕಾಯ ಅದನ್ನು ತಲುಪಲಾರದು; ಸ್ಮೃತಿ ಕೋಶಗಳು ಎಚ್ಚರಗೊಳ್ಳುವಷ್ಟು ಕಾಲಾವಕಾಶ ಅಲ್ಲಿ ಇರುವುದಿಲ್ಲವಾದ್ದರಿಂದ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಮೊದಲೇ ಇರಬೇಕು. ಆ ಲಸಿಕೆಯ ಬೂಸ್ಟರ್ ಡೋಸ್‌ಗಳನ್ನು ತಪ್ಪಿಸಬಾರದೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.