ಆಗಮನ ಕಾಲ ಅಂದ್ರೆ ಬರೀ ಕ್ರಿಸ್‌ಮಸ್ ತಯಾರಿನಾ?

ಜೀನ್ಸೂರಿನವಳು, ಬಳ್ಳಾರಿ:
ನಾನು ಜೀನ್ಸ್ ಹೊಲಿಯುವವಳು. ನವೆಂಬರ್ ಕೊನೆಗೇ ಮನೆಯಲ್ಲಿ ನಕ್ಷತ್ರ, ಹೊಸ ಬಟ್ಟೆ, ಕರ್ಜಿಕಾಯಿ ಲೆಕ್ಕ ಶುರು. ಚರ್ಚ್‌ನಲ್ಲಿ ನೋಡಿದರೆ, ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರದ ಈ ಆಗಮನ ಕಾಲದಲ್ಲಿ ಗುರುಗಳು ನೇರಳೆ ಉಡುಪು ಹಾಕಿಕೊಂಡು ಕಾಯಿರಿ, ಎಚ್ಚರವಾಗಿರಿ ಅನ್ನುತ್ತಾರೆ. ಹುಟ್ಟಿ 2000 ವರ್ಷ ಆದವರನ್ನು ಈಗ ಕಾಯೋದು ಅಂದ್ರೆ ಏನು?

ಕೊನೆಭಾಗದ ರೈತ, ಸಿಂಧನೂರು:
ಅಕ್ಕಾ, ಕಾಲುವೆಗೆ ನೀರು ಬಿಡುತ್ತಾರೆ ಅಂತ ಗೊತ್ತಾದರೆ ನಾವು ಸುಮ್ನೆ ಕೂರುತ್ತೇವಾ? ಸಲಿಕೆ ಹಿಡಿದು ಹೊಲಗಾಲುವೆಯ ಹೂಳು, ಜೊಂಡು ತೆಗೆಯುತ್ತೇವೆ, ಇಲ್ಲದಿದ್ದರೆ ತುಂಗಭದ್ರೆ ಬಾಗಿಲಿಗೆ ಬಂದರೂ ಗದ್ದೆಗೆ ಹನಿ ಇಳಿಯಲ್ಲ. ನನಗೆ ಆಗಮನ ಕಾಲ ಅಂದ್ರೆ ಅದೇ. ಬದುವಿನ ಜಗಳಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೆ. ಹೋದ ವರ್ಷ ಗುರುಗಳ ಮುಂದೆ ತಪ್ಪು ಒಪ್ಪಿಕೊಂಡು ಪಾಪನಿವೇದನೆ ಮಾಡಿ ಅವನ ಮನೆಗೆ ಹೋದೆ, ಅತ್ತಿಗೆ ಚಹಾ ಕೊಟ್ಟರು, ಅವನು ಮಾತ್ರ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಈ ಸಲ ಮತ್ತೆ ಹೋಗಬೇಕು.

ಕೊಪ್ಪಳದ ಮೇಷ್ಟ್ರು:
ಕಥೋಲಿಕ ಪೂಜೆಯಲ್ಲಿ ಡಿಸೆಂಬರ್ 16ರವರೆಗೆ ಒತ್ತು ಇರುವುದು ಕ್ರಿಸ್ತರು ಮತ್ತೆ ಬರುವುದರ ಮೇಲೆ. 17ರಿಂದ 24ರವರೆಗೆ ಬೆತ್ಲೆಹೇಮಿನ ಜನನದ ಮೇಲೆ. ಕಾಯೋದು ಅದಕ್ಕೇ ಅಲ್ವಾ? 4 ಭಾನುವಾರಕ್ಕೆ 4 ಮೇಣದಬತ್ತಿ, 3ನೆಯದು ಗುಲಾಬಿ ಬಣ್ಣ, ಅದು ಸಂತೋಷದ ಭಾನುವಾರ.

ಜೀನ್ಸೂರಿನವಳು:
ಅಯ್ಯೋ, ಗುಲಾಬಿ ಯಾಕೆ ಅಂತ ಮಗಳು ಕೇಳಿದ್ದಕ್ಕೆ ಅಂಗಡಿಯಲ್ಲಿ ನೇರಳೆ ಖಾಲಿ ಆಗಿತ್ತು ಅಂದಿದ್ದೆ!