ಡಯಾಪರ್ ಬದಲಿಸುವಾಗಲೂ ಮೂಳೆ ಮುರಿಯುತ್ತದೆಯೇ?

ಪ್ರಶ್ನೆ: ನಡೆಯಲಾಗದ, ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ಳುವ, ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆಗೆ ತೊಂದರೆ) ಇರುವ 8 ವರ್ಷದ ಮಗು. ಬಿದ್ದಿಲ್ಲ, ಆದರೂ ತೊಡೆಮೂಳೆ ಮುರಿದಿದೆ. ಹೇಗೆ? ಇನ್ನು ಮುಂದೆ ಏನು ಜಾಗ್ರತೆ?

ಉತ್ತರ 1: ಖಂಡಿತ ಮುರಿಯಬಹುದು. ಕಾಲಿನ ಮೇಲೆ ಭಾರ ಬೀಳದ ಮೂಳೆ ತೆಳ್ಳಗಿರುತ್ತದೆ. ಮೊಣಕಾಲು ಬಿಗಿದಿದ್ದರೆ ಪಾದ ತಿರುಚಿದ ಬಲವೆಲ್ಲ ಮೊಣಕಾಲಿನ ಸ್ವಲ್ಪ ಮೇಲೆ ಬೀಳುತ್ತದೆ. ಹಿಮ್ಮಡಿ ಹಿಡಿದು ಎತ್ತಲೇಬೇಡಿ. ಒಂದು ಕೈ ಸೊಂಟಕ್ಕೆ, ಇನ್ನೊಂದು ಮೊಣಕಾಲಿನಡಿ ಕೊಟ್ಟು ಇಡೀ ಮೈ ಪಕ್ಕಕ್ಕೆ ಹೊರಳಿಸಿ. ಪ್ಯಾಂಟು ಹಾಕುವಾಗ ಹೆಚ್ಚು ಬಿಗಿದ ಕಾಲು ಮೊದಲು, ಬಿಚ್ಚುವಾಗ ಕೊನೆಗೆ.

ಉತ್ತರ 2: ಫೆನಿಟಾಯಿನ್ ವಿಟಮಿನ್ ಡಿಯನ್ನು ಬೇಗ ಖರ್ಚು ಮಾಡಿಸುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ (ದೇಹದ ವಿಟಮಿನ್ ಡಿ ಮಟ್ಟ ತಿಳಿಯಲು ಅಳೆಯುವ ರೂಪ) ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಡೋಸ್ ಹೇಳುತ್ತಾರೆ. ರಾಗಿ ಒಳ್ಳೆಯದೇ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಆದರೆ ನೀರುನೀರಾದ ಗಂಜಿಗೆ ಬೀಳುವ ಹಿಟ್ಟು 20 ಗ್ರಾಂ, ಸಿಗುವುದು 70 ಮಿಲಿಗ್ರಾಂ!

ಉತ್ತರ 3: ಪ್ಲಾಸ್ಟರ್ ಬಿಚ್ಚಿದ ಮೊದಲ ವಾರಗಳೇ ಹೆಚ್ಚು ಅಪಾಯ, ಫಿಸಿಯೋ ಜೋರಾಗಿ ಎಳೆಯಬಾರದು. ಸ್ಟ್ಯಾಂಡಿಂಗ್ ಫ್ರೇಮ್ (ಮಗುವನ್ನು ಆಧಾರ ಕೊಟ್ಟು ನಿಲ್ಲಿಸುವ ಚೌಕಟ್ಟು) ಯಾವಾಗ ಎಂದು ಮೂಳೆ ವೈದ್ಯರನ್ನೇ ಕೇಳಿ. 10 ನಿಮಿಷದಿಂದ ಶುರುಮಾಡಿ ದಿನಕ್ಕೆ 60ರವರೆಗೆ ಏರಿಸುವುದು ರೂಢಿ. ಇಂಥ ಮುರಿತಕ್ಕೆ ಮೂಳೆ ಗಟ್ಟಿ ಮಾಡುವ ಔಷಧಿ ಪ್ಯಾಮಿಡ್ರೋನೇಟ್ ಅಥವಾ ಝೋಲೆಡ್ರೋನೇಟ್ ಡ್ರಿಪ್ ಬೇಕೇ ಎಂದೂ ಕೇಳಿ. ವಿಟಮಿನ್ ಡಿ ಸರಿಪಡಿಸದೆ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು.

ಉತ್ತರ 1: ಇನ್ನೊಂದು. ಮಾತು ಬಾರದ ಮಗು ಕಾಲು ಮುಟ್ಟಿದರೆ ಅಳುತ್ತಾ, ಮೊಣಕಾಲು ಊದಿ ಬಿಸಿಯಾಗಿದ್ದರೆ, ಸೋಂಕು ಅಂತ ಆಂಟಿಬಯಾಟಿಕ್ ಶುರುಮಾಡುವ ಮುಂಚೆ ಎಕ್ಸ್‌ರೇ ತೆಗೆಸಿ.